ಗೋಬರ್ ಗ್ಯಾಸ್ ಗುಂಡಿಗೆ ಇಳಿಯುವ ಮುನ್ನ: ಗ್ಯಾಸ್ ಡಿಟೆಕ್ಟರ್ ಸರಿಯಿದೆಯೇ?

ಗೋಬರ್ ಗ್ಯಾಸ್ ಗುಂಡಿ ಶುಚಿಮಾಡಲು ಇಳಿದವನು ಪ್ರಜ್ಞೆ ತಪ್ಪಿ ಬೀಳುವುದು, ಅವನನ್ನು ಎತ್ತಲು ಇಳಿದವನೂ ಅಲ್ಲಿಯೇ ಪ್ರಾಣ ಬಿಡುವುದು, ಇಂತಹ ದುರಂತಗಳು ಮರುಕಳಿಸುತ್ತಲೇ ಇವೆ. ಗುಂಡಿಯ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆಯಿದೆ. ಆದರೆ ಅದು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗದಷ್ಟಾದಾಗ ಮೂಗಿಗೆ ವಾಸನೆಯೇ ತಿಳಿಯದು. ಬಾವಿಗೆ ದೀಪ ಇಳಿಬಿಟ್ಟು ನೋಡುವ ಹಳೆಯ ವಾಡಿಕೆ ಇಲ್ಲಿ ಸಲ್ಲದು. ಮೀಥೇನ್‌ಗೆ ಬೆಂಕಿ ಹತ್ತಬಹುದು. ಆದ್ದರಿಂದಲೇ ಗ್ಯಾಸ್ ಡಿಟೆಕ್ಟರ್ ಬೇಕು. ಆದರೆ ತಪ್ಪು ತೋರಿಸುವ ಡಿಟೆಕ್ಟರನ್ನು ನಂಬಿ ಇಳಿಯುವುದು ಇನ್ನೂ ಅಪಾಯಕರ.

ಅಳತೆ ತಪ್ಪುವುದೇಕೆ?

ಸೆನ್ಸರುಗಳು ಕಾಲಕ್ರಮೇಣ ಸವೆಯುತ್ತವೆ. ಸಿಲಿಕೋನ್ ಇರುವ ಎಣ್ಣೆ, ಪಾಲಿಶ್‌ಗಳ ಆವಿ ಸೋಕಿದರೆ ಸಾಮಾನ್ಯ ಬಗೆಯ ಮೀಥೇನ್ ಸೆನ್ಸರು ಮಂಕಾಗುತ್ತದೆ. ಧೂಳಿನಿಂದ ಫಿಲ್ಟರು ಕಟ್ಟಿಕೊಳ್ಳುತ್ತದೆ. ಹೊರನೋಟಕ್ಕೆ ಮಾತ್ರ ಎಲ್ಲವೂ ಸರಿಯಾಗಿರುತ್ತದೆ.

ಯಾವಾಗ ಪರೀಕ್ಷಿಸಬೇಕು?

ಬಳಸುವ ಪ್ರತಿದಿನವೂ ಮೊದಲು ಪರೀಕ್ಷಾ ಅನಿಲ ಹಾಯಿಸಿ, ಅಲಾರಂ ಕೂಗುವುದೇ ಎಂದು ನೋಡಬೇಕು. ಇದೇ ಬಂಪ್ ಟೆಸ್ಟ್. ಪೂರ್ಣ ಕ್ಯಾಲಿಬ್ರೇಷನ್ ಅನ್ನು ತಯಾರಕರು ತಿಳಿಸಿದ ಅವಧಿಗೆ ಮಾಡತಕ್ಕದ್ದು; ಅನೇಕ ಉಪಕರಣಗಳಿಗೆ ಇದು ಆರು ತಿಂಗಳು. ಉಪಕರಣ ಕೆಳಗೆ ಬಿದ್ದರೆ, ನೀರು ಹೊಕ್ಕರೆ ಅಥವಾ ಬಂಪ್ ಟೆಸ್ಟ್‌ನಲ್ಲಿ ಸೋತರೆ ಅವಧಿಗೆ ಕಾಯಬಾರದು.

ಕ್ಯಾಲಿಬ್ರೇಷನ್ ಕ್ರಮ

1. ಒಲೆ, ತಿಪ್ಪೆ, ಟ್ರ್ಯಾಕ್ಟರ್ ಹೊಗೆಗಳಿಂದ ದೂರವಾಗಿ ಬಯಲಿನಲ್ಲಿ ಉಪಕರಣವನ್ನು ಚಾಲೂ ಮಾಡಿ, ಸ್ಥಿರವಾಗಲು ಬಿಡಬೇಕು. ಬೀಡಿ, ಬೆಂಕಿ ಕೂಡದು.

2. ಶುದ್ಧ ಗಾಳಿಯಲ್ಲಿ ಸೊನ್ನೆ ಹೊಂದಿಸಬೇಕು. ಆಗ ಆಮ್ಲಜನಕ ಶೇ. 20.9, ಉಳಿದ ಅನಿಲಗಳು 0 ತೋರಿಸಬೇಕು.

3. ಪರೀಕ್ಷಾ ಅನಿಲದ ಸಿಲಿಂಡರಿನ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಿಲಿಂಡರಿನ ಮೇಲಿರುವ ಪ್ರಮಾಣವೇ ಉಪಕರಣದಲ್ಲಿಯೂ ದಾಖಲಾಗಿರಬೇಕು.

4. ರೆಗ್ಯುಲೇಟರ್ ಮತ್ತು ಕೊಳವೆ ಜೋಡಿಸಿ, ತಯಾರಕರು ಹೇಳಿದ ವೇಗದಲ್ಲಿ ಅನಿಲ ಹಾಯಿಸಬೇಕು. ಅಂಕಿ ಸ್ಥಿರವಾದ ಮೇಲೆ ಸರಿಹೊಂದಿಸಬೇಕು. ಹೊರಬರುವ ಅನಿಲ ಮುಖಕ್ಕೆ ತಾಗಬಾರದು.

5. ವಾಲ್ವು ಮುಚ್ಚಿ, ದಿನಾಂಕ ಮತ್ತು ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಹೊಂದಿಕೆಯಾಗದ ಉಪಕರಣವನ್ನು ದುರಸ್ತಿಯಾಗುವವರೆಗೆ ಬಳಸಬಾರದು.

ಸಿಗರೇಟ್ ಲೈಟರಿನ ಅಥವಾ ಗೋಬರ್ ಗ್ಯಾಸ್ ಕೊಳವೆಯ ಅನಿಲ ಹಿಡಿದು ಪರೀಕ್ಷಿಸುವುದು ತಪ್ಪು. ಅದರಿಂದ ಸೆನ್ಸರು ಕೆಡಬಹುದು, ಅಳತೆಯೂ ತಿಳಿಯದು.

ಮರೆಯಬಾರದ ಅಂಶ

ಸಾಮಾನ್ಯವಾದ ನಾಲ್ಕು ಅನಿಲಗಳ ಡಿಟೆಕ್ಟರು ಇಂಗಾಲದ ಡೈಆಕ್ಸೈಡನ್ನು ಅಳೆಯುವುದಿಲ್ಲ. ಹಾಳುಬಾವಿಯಲ್ಲಿ ಈ ಅನಿಲ ಶೇ. 5 ತುಂಬಿಕೊಂಡರೂ ಆಮ್ಲಜನಕ ಶೇ. 20.9ರಿಂದ ಸುಮಾರು 19.9ಕ್ಕೆ ಮಾತ್ರ ಇಳಿಯಬಹುದು. ಅಲಾರಂ ಸಾಮಾನ್ಯವಾಗಿ 19.5ಕ್ಕೆ ಕೂಗುತ್ತದೆ. ಶೇ. 4ರಷ್ಟು ಇಂಗಾಲದ ಡೈಆಕ್ಸೈಡೇ ಜೀವಕ್ಕೆ ಅಪಾಯ. ಆದರೂ ಉಪಕರಣ ಮೌನವಾಗಿರುತ್ತದೆ! ಆದ್ದರಿಂದ ಇಂಗಾಲದ ಡೈಆಕ್ಸೈಡ್ ಸೆನ್ಸರು ಇರುವ ಉಪಕರಣವನ್ನೇ ಆರಿಸಬೇಕು. ಅದನ್ನು ಹಗ್ಗದಲ್ಲಿ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು.

ಬಿಡಿ ರೈತರಿಗೆ ಇದರ ಖರ್ಚು ಭಾರವಾದರೆ ಹಾಲು ಉತ್ಪಾದಕರ ಸಂಘ ಅಥವಾ ಪಂಚಾಯಿತಿ ಒಂದು ಉಪಕರಣವಿಟ್ಟು, ಅದರ ಹೊಣೆಯನ್ನು ತರಬೇತಿ ಪಡೆದ ಒಬ್ಬರಿಗೆ ವಹಿಸುವುದು ಲೇಸು. ಉಪಕರಣವಿಲ್ಲದ ಕಡೆ ಒಳಗೆ ಇಳಿಯಲೇಬಾರದು. ಬಿದ್ದವನನ್ನು ಎತ್ತಲು ಹಾಗೆಯೇ ಇಳಿಯದೆ, ಅಗ್ನಿಶಾಮಕ ದಳವನ್ನು ಕರೆಯತಕ್ಕದ್ದು.