ಚಳಿಗಾಲದ ಹೊಲಗಳಲ್ಲಿ ಪಕ್ಷಿವೀಕ್ಷಣೆ

ಹೊಲದಲ್ಲಿ ಹಕ್ಕಿ ಕಂಡೊಡನೆ ಕವಣೆ ಬೀಸುವುದು ಬೇಸಾಯಗಾರರ ವಾಡಿಕೆ. ಪೈರಿಗೆ ಹಾನಿ ಮಾಡುವ ಹಕ್ಕಿಗಳುಂಟು. ಪೈರಿನ ಶತ್ರುಗಳನ್ನು ತಿಂದು ಒಕ್ಕಲಿಗನಿಗೆ ನೆರವಾಗುವ ಹಕ್ಕಿಗಳೂ ಅದೇ ಹೊಲದಲ್ಲಿರುವುವು. ಇವನ್ನು ಬೇರ್ಪಡಿಸಿ ತಿಳಿಯದೆ ಎಲ್ಲವನ್ನೂ ಓಡಿಸುವವನು ಕೂಲಿಯಿಲ್ಲದೆ ದುಡಿಯುವ ಆಳುಗಳನ್ನು ಕಳೆದುಕೊಳ್ಳುವನು.

ಈ ಭೇದವನ್ನು ಅರಿಯಲು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿಯ ಕೆರೆಬಯಲು ಉತ್ತಮವಾದ ಸ್ಥಳ. ಈ ಕೆರೆಯು 2024ನೆಯ ಇಸವಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಿಂಗಾರಿ ಜೋಳ, ಕಡಲೆಗಳು ಹೊಲದಲ್ಲಿರುವ ಕಾಲದಲ್ಲಿ ಸೂರ್ಯೋದಯಕ್ಕೆ ಹೊರಟು, ಬದುಗಳ ಮೇಲೆ ಮೆಲ್ಲಗೆ ನಡೆದು ನೋಡತಕ್ಕದ್ದು.

ಮೊದಲು ಕಣ್ಣಿಗೆ ಬೀಳುವುದು ಕಾಜಾಣ. ಕವಲುಬಾಲದ ಈ ಕರಿಯ ಹಕ್ಕಿಯು ಕೋಲಿನ ತುದಿಯಿಂದ ಹಾರಿ ಹುಳುವನ್ನು ಹಿಡಿದು ಮತ್ತೆ ಅಲ್ಲಿಗೇ ಬರುವುದು. ಉತ್ತ ನೆಲದಲ್ಲಿ ಬಾಲವನ್ನು ಕುಣಿಸುತ್ತ ಓಡುವ ಸಿಪಿಲೆಯು ಕೀಟಗಳನ್ನೇ ತಿನ್ನುವುದು. ಪೈರಿನ ಮೇಲೆ ತಗ್ಗಾಗಿ ತೇಲುವ ನೀಳರೆಕ್ಕೆಯ ಸೆಳೆವವು ಮಧ್ಯ ಏಷ್ಯಾದ ಕಡೆಯಿಂದ ಬರುವ ಅತಿಥಿ. ಇಲಿ, ಮಿಡತೆಗಳು ಅದರ ಆಹಾರ. ಗುಂಪುಗಟ್ಟಿ ಬರುವ ಗುಲಾಬಿ ಕಬ್ಬಕ್ಕಿಯು ಮಾತ್ರ ಎರಡು ಬಗೆಯದು: ಹುಳುವನ್ನು ತಿನ್ನುವಂತೆಯೇ ಜೋಳದ ತೆನೆಯನ್ನೂ ಮುಕ್ಕುವುದು. ಆದುದರಿಂದ ಕಾವಲು ಬೇಕಾದುದು ಕಾಳು ಕಟ್ಟಿದಂದಿನಿಂದ ಕೊಯ್ಲಿನವರೆಗೆ.

ಕೆರೆಯ ನೀರಿನಲ್ಲಿ ಹಗಲೆಲ್ಲ ವಿಶ್ರಮಿಸುವುದು ಪಟ್ಟೆತಲೆಯ ಹೆಬ್ಬಾತು. ಹಿಮಾಲಯದಾಚೆಯಿಂದ ಬರುವ ಈ ಹಕ್ಕಿಯು 7,000 ಮೀಟರಿಗೂ ಮೀರಿದ ಎತ್ತರದಲ್ಲಿ ಹಾರಿದುದು ದಾಖಲಾಗಿದೆ. ಇದು ಸಂಜೆಯಾದ ಮೇಲೆ ಸುತ್ತಣ ಹೊಲಗಳಿಗೆ ಇಳಿದು ಎಳೆಯ ಪೈರನ್ನು ಮೇಯುವುದುಂಟು. ಈ ನಷ್ಟವನ್ನು ಅಲ್ಲಗಳೆಯಲಾಗದು. ಆದರೆ ಹೊಲದ ಎಲ್ಲ ನಷ್ಟವೂ ಹೆಬ್ಬಾತಿನದಲ್ಲ. ಎಲೆಯ ತುದಿ ಕತ್ತರಿಸಿದ್ದು, ಬಳಿಯಲ್ಲಿ ಹಿಕ್ಕೆ ಬಿದ್ದಿದ್ದರೆ ಅದು ಹೆಬ್ಬಾತಿನ ಗುರುತು. ದಂಟು ನೆಲದ ಸಮೀಪದಲ್ಲಿ ಓರೆಯಾಗಿ ತುಂಡಾಗಿ, ಬದುವಿನಲ್ಲಿ ಬಿಲವಿದ್ದರೆ ಇಲಿಯದು. ಕಡಲೆಯ ಕಾಯಿಯಲ್ಲಿ ದುಂಡನೆಯ ತೂತಿದ್ದರೆ ಕಾಯಿಕೊರಕ ಹುಳುವಿನದು. ಕಡೆಯ ಎರಡಕ್ಕೂ ಹಕ್ಕಿಗಳೇ ಮದ್ದು.

ಕಡಲೆಯ ಹೊಲದಲ್ಲಿ ಎಕರೆಗೆ ಸುಮಾರು 20ರಂತೆ ಅಡ್ಡಕಡ್ಡಿ ಕಟ್ಟಿದ ಕೋಲುಗಳನ್ನು ಪೈರಿಗಿಂತ ಎತ್ತರವಾಗಿ ನೆಟ್ಟರೆ ಕಾಜಾಣವೂ ಗೊರವಂಕವೂ ಅಲ್ಲಿ ಕುಳಿತು ಹುಳುಗಳನ್ನು ಆರಿಸುವುವು. ಜೋಳದ ಹೊಲದಲ್ಲಾದರೆ ಕಾಳು ಕಟ್ಟುವ ಮೊದಲೇ ಈ ಕೋಲುಗಳನ್ನು ತೆಗೆಯತಕ್ಕದ್ದು. ಇಲ್ಲವಾದರೆ ತೆನೆ ತಿನ್ನುವ ಹಕ್ಕಿಗಳಿಗೆ ಅವೇ ಆಸರೆಯಾಗುವುವು. ಪೊಟರೆಯುಳ್ಳ ಹಳೆಯ ಮರವನ್ನು ಕಡಿಯದೆ ಬಿಟ್ಟರೆ ಇಲಿ ಹಿಡಿಯುವ ಕಣಜಗೂಬೆಗೆ ಮನೆಯಾಗುವುದು. ಗೂಬೆಯು ಅಪಶಕುನವೆಂಬ ನಂಬಿಕೆಯಿಂದ ಲಾಭ ಪಡೆಯುವುದು ಇಲಿಯೊಂದೇ.

ಹೆಬ್ಬಾತನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ವಿಷ ಬೆರೆಸಿದ ಕಾಳನ್ನು ಚೆಲ್ಲಿದರೆ ಮೇಯಲು ಬಂದ ಹಕ್ಕಿಯೊಡನೆ ಕಾಯಲು ಬಂದ ಹಕ್ಕಿಯೂ ಸಾಯುವುದು. ಎಳೆಯ ಪೈರಿದ್ದಷ್ಟು ದಿನ ರಾತ್ರಿಯ ಕಾವಲಿಟ್ಟು, ಸದ್ದು ಮಾಡಿ ಎಬ್ಬಿಸುವುದೇ ಯುಕ್ತ.

ಗ್ರಾಮದ ಮುಖ್ಯಸ್ಥರು ಹೊಲದೊಡೆಯರನ್ನು ಕೂಡಿಕೊಂಡು ವರ್ಷಕ್ಕೊಮ್ಮೆಯಾದರೂ ಇಂತಹ ಸಂಚಾರವನ್ನು ಏರ್ಪಡಿಸುವುದು ಲೇಸು. ಹಾನಿಯ ಗುರುತನ್ನು ಕಣ್ಣಾರೆ ಕಂಡ ಬಳಿಕವೇ ಕವಣೆಯನ್ನು ಎತ್ತುವುದೋ ಬಿಡುವುದೋ ನಿಶ್ಚಯವಾಗಲಿ.