ಮರುಭೂಮಿಯ ವಸಂತ ಮತ್ತು ಛಾಯಾಗ್ರಾಹಕನ ಹೊಣೆ

ಹೂವೆಂದೊಡನೆ ನಮ್ಮ ಮನಸ್ಸಿಗೆ ತೋಟ, ಕೆರೆಯ ದಂಡೆ, ಮಲೆನಾಡಿನ ಹಸುರು ಮೊದಲಾದವು ಹೊಳೆಯುವುದು ಸಹಜ. ನೀರಿಲ್ಲದಲ್ಲಿ ಹೂವೆಲ್ಲಿಯದು ಎಂಬುದು ಸಾಮಾನ್ಯರ ಭಾವನೆ. ಆದರೆ ಭೂಮಂಡಲದ ಅತ್ಯಂತ ಶುಷ್ಕವಾದ ಕೆಲವು ನೆಲೆಗಳಲ್ಲಿಯೇ ಕೆಲವು ವರ್ಷಗಳಿಗೊಮ್ಮೆ ಕಣ್ಣು ಹಾಯುವಷ್ಟು ದೂರ ಹೂವಿನ ಹಾಸು ಹರಡುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದಲ್ಲಿರುವ ‘ಡೆತ್ ವ್ಯಾಲಿ’, ಎಂದರೆ ಮೃತ್ಯುಕಣಿವೆ, ಇದಕ್ಕೆ ಪ್ರಸಿದ್ಧ ನಿದರ್ಶನವಾಗಿದೆ. ಅಲ್ಲಿನ ವಸಂತವನ್ನು ಛಾಯಾಚಿತ್ರದಲ್ಲಿ ಸೆರೆಹಿಡಿಯುವ ಬಗೆ ಯಾವುದು, ಹಾಗೆ ಹಿಡಿಯುವವನ ಹೊಣೆ ಏನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸೋಣ.

ಬೀಜದ ತಾಳ್ಮೆ

ಮೃತ್ಯುಕಣಿವೆಯ ತಳಭಾಗವು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. 1913ರ ಜುಲೈ 10ರಂದು ಇಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ತಾಪವನ್ನೇ ವಿಶ್ವ ಹವಾಮಾನ ಸಂಸ್ಥೆಯು ಜಗತ್ತಿನ ಅತ್ಯುಚ್ಚ ತಾಪವೆಂದು ಮಾನ್ಯ ಮಾಡಿದೆ. ವರ್ಷಕ್ಕೆ ಬೀಳುವ ಮಳೆ ಸರಾಸರಿ 2 ಅಂಗುಲದಷ್ಟು ಮಾತ್ರ. ಬರಕ್ಕೆ ಹೆಸರಾದ ನಮ್ಮ ಬಯಲುಸೀಮೆಯಲ್ಲಿಯೂ ಇದರ ಹಲವು ಪಟ್ಟು ಮಳೆಯಾಗುತ್ತದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇಂತಹ ನೆಲದಲ್ಲಿ ಅರಳುವ ಹೂಗಳಲ್ಲಿ ಹೆಚ್ಚಿನವು ಏಕವಾರ್ಷಿಕ ಸಸ್ಯಗಳವು. ಇವು ಬರಗಾಲವನ್ನು ಗಿಡವಾಗಿ ಎದುರಿಸುವುದಿಲ್ಲ, ಬೀಜವಾಗಿ ಕಳೆಯುತ್ತವೆ. ಅನೇಕ ಬೀಜಗಳ ಹೊರಪದರದಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕ ದ್ರವ್ಯವಿರುತ್ತದೆ. ತುಂತುರು ಮಳೆಗೆ ಅದು ಕರಗದು. ಅರ್ಧ ಅಂಗುಲಕ್ಕಿಂತ ಹೆಚ್ಚಾಗಿ ಸುರಿದ ಮಳೆ ಅದನ್ನು ತೊಳೆದ ಬಳಿಕವೇ ಬೀಜವು ಕಣ್ಣು ತೆರೆಯುತ್ತದೆ. ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ ಅವರು 1940ರ ದಶಕದಿಂದ ಮರುಭೂಮಿಯ ಸಸ್ಯಗಳ ಮೇಲೆ ನಡೆಸಿದ ಅಧ್ಯಯನಗಳು ಈ ರಹಸ್ಯವನ್ನು ಬೆಳಕಿಗೆ ತಂದವು. ಮೊದಲ ಮಳೆಯೊಂದೇ ಸಾಲದು. ಚಳಿಗಾಲದುದ್ದಕ್ಕೂ ಅಂತರವಿಟ್ಟು ಹನಿಗಳು ಬೀಳಬೇಕು, ಹದವಾದ ಬಿಸಿಲಿರಬೇಕು, ತೇವವನ್ನು ಹೀರುವ ಒಣಗಾಳಿ ಬೀಸಬಾರದು. ಇವೆಲ್ಲವೂ ಕೂಡಿ ಬರುವುದು ಅಪರೂಪ. 2015ರ ಅಕ್ಟೋಬರಿನಲ್ಲಿ ಅಲ್ಲಿ ಪ್ರವಾಹ ಬರುವಷ್ಟು ಮಳೆ ಸುರಿಯಿತು. 2016ರ ವಸಂತದಲ್ಲಿ ಕಣಿವೆ ಹೊನ್ನಿನ ಬಣ್ಣ ತಾಳಿತು. ಅದಕ್ಕೆ ಮುಂಚೆ 2005ರಲ್ಲಿಯೂ 1998ರಲ್ಲಿಯೂ ಇಂತಹ ಮಹಾವಸಂತ ಬಂದಿತ್ತು.

ಮಳೆ ಬಂದಾಗ ಎಲ್ಲ ಬೀಜಗಳೂ ಒಮ್ಮೆಗೇ ಮೊಳೆಯುವುದಿಲ್ಲ ಎಂಬುದು ಇನ್ನೊಂದು ಸೋಜಿಗ. ಒಂದಂಶ ಎಚ್ಚರಗೊಂಡರೆ, ಉಳಿದಂಶ ಮುಂದಿನ ವರ್ಷಗಳಿಗಾಗಿ ಮಣ್ಣಿನಲ್ಲಿಯೇ ಮಲಗಿರುತ್ತದೆ. ಮೊಳೆತವೆಲ್ಲ ಬಿಸಿಲಿಗೆ ಸತ್ತರೂ ಕುಲ ಅಳಿಯದಿರಲೆಂದು ಪ್ರಕೃತಿ ಮಾಡಿದ ಏರ್ಪಾಡಿದು. ಜಾಣ ರೈತನು ಬಿತ್ತನೆಯ ಕಾಳನ್ನೆಲ್ಲ ಒಂದೇ ಮಳೆಗೆ ಚೆಲ್ಲದೆ ಕಣಜದಲ್ಲಿ ಒಂದಿಷ್ಟು ಉಳಿಸಿಕೊಳ್ಳುವಂತೆಯೇ ಇದು.

ಕಾಲ ಮತ್ತು ಎತ್ತರ

ಛಾಯಾಗ್ರಾಹಕನು ಮೊದಲು ಅರಿಯಬೇಕಾದುದು ಹೂವಿನ ಪಂಚಾಂಗವನ್ನು. ಕಣಿವೆಯ ತಗ್ಗಿನಲ್ಲಿ ಫೆಬ್ರವರಿಯ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಹೂವಿನ ಕಾಲ. ಮೂರು ಸಾವಿರದಿಂದ ಐದು ಸಾವಿರ ಅಡಿ ಎತ್ತರದಲ್ಲಿ ಏಪ್ರಿಲ್ ಮತ್ತು ಮೇ ಮೊದಲ ವಾರಗಳು. ಅದಕ್ಕೂ ಮೇಲೆ ಬೇಸಿಗೆಯ ಆರಂಭದವರೆಗೆ ಹೂಗಳಿರುತ್ತವೆ. ವಸಂತವು ಅಲ್ಲಿ ಬೆಟ್ಟವನ್ನು ನಿಧಾನವಾಗಿ ಏರುತ್ತದೆಂದು ಹೇಳಬಹುದು. ತಗ್ಗಿನಲ್ಲಿ ತಡವಾಗಿ ಬಂದವನು ನಿರಾಶನಾಗದೆ ಮೇಲಕ್ಕೆ ನಡೆದರೆ ಸಾಕು.

ಬೆಳಕು, ಗಾಳಿ, ಹೂವು

ಮರುಭೂಮಿಯ ನಡುಹಗಲಿನ ಬೆಳಕು ನಿಷ್ಠುರವಾದುದು. ನೆರಳು ಕಪ್ಪಾಗುತ್ತದೆ, ದಳದ ನವುರು ಅಳಿಸಿಹೋಗುತ್ತದೆ. ಆದುದರಿಂದ ಸೂರ್ಯೋದಯದ ನಂತರದ ಒಂದು ತಾಸು ಮತ್ತು ಸೂರ್ಯಾಸ್ತದ ಮುಂಚಿನ ಒಂದು ತಾಸು ಪ್ರಶಸ್ತ. ಬೆಳಗಿನಲ್ಲಿ ಗಾಳಿಯೂ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಹಗಲಿನಲ್ಲಿಯೇ ತೆಗೆಯಬೇಕಾದಲ್ಲಿ ಹೂವಿಗೂ ಸೂರ್ಯನಿಗೂ ನಡುವೆ ತೆಳುವಾದ ಬಿಳಿಯ ಬಟ್ಟೆಯನ್ನು ಹಿಡಿದು ಬೆಳಕನ್ನು ಮೃದುಗೊಳಿಸಬಹುದು.

ಕ್ಯಾಮರಾದ ಬೆಳಕುಮಾಪಕವು ಎಲ್ಲವನ್ನೂ ನಡುಬೂದಿಯೆಂದೇ ಭಾವಿಸಿ ಅಳೆಯುತ್ತದೆ. ಹೊಳೆಯುವ ಮರಳು ಚೌಕಟ್ಟನ್ನು ತುಂಬಿದಾಗ ಚಿತ್ರವು ಮಂಕಾಗುವುದು ಇದರಿಂದಲೇ. ಅಂತಹಲ್ಲಿ ಬೆಳಕನ್ನು ತುಸು ಹೆಚ್ಚಿಸಬೇಕು. ಆದರೆ ಹಳದಿಯ ಹೂವು ಚೌಕಟ್ಟನ್ನು ತುಂಬಿದಾಗ ಎಚ್ಚರಿಕೆ ಬೇಕು. ಬೆಳಕು ಮಿತಿಮೀರಿದರೆ ದಳದ ಗೆರೆಗಳು ಮಾಯವಾಗಿ ಬರಿಯ ಬಣ್ಣದ ಮುದ್ದೆ ಉಳಿಯುತ್ತದೆ. ಸಮೀಪಚಿತ್ರಗಳಲ್ಲಿ ಸ್ಪಷ್ಟತೆಯ ಆಳ ಕೆಲವೇ ಮಿಲಿಮೀಟರುಗಳಷ್ಟು. ಎಫ್/11ರ ಸುಮಾರಿಗೆ ರಂಧ್ರವನ್ನು ಕಿರಿದುಗೊಳಿಸಿ, ಕ್ಯಾಮರಾವನ್ನು ಹೂವಿನ ಮುಖಕ್ಕೆ ಸಮಾನಾಂತರವಾಗಿ ನಿಲ್ಲಿಸುವುದು ಉಚಿತ.

ನಿಯಮಗಳಿಗಿಂತಲೂ ಹೂವಿನ ಸ್ವಭಾವವೇ ದೊಡ್ಡ ಗುರು. ಮೂರು ಉದಾಹರಣೆಗಳನ್ನು ನೋಡೋಣ. ‘ಡೆಸರ್ಟ್ ಫೈವ್‌ಸ್ಪಾಟ್’ ಎಂಬ ಹೂವು ನಸುಗೆಂಪು ಬಟ್ಟಲಿನಂತಿದ್ದು, ಒಳಗೆ ಐದು ಕೆಂಪು ಮಚ್ಚೆಗಳನ್ನು ಹೊಂದಿದೆ. ಇದನ್ನು ಹಿಂಬೆಳಕಿನಲ್ಲಿ ನೋಡಿದರೆ ಹಚ್ಚಿಟ್ಟ ಹಣತೆಯಂತೆ ಬೆಳಗುತ್ತದೆ. ‘ಗ್ರಾವೆಲ್ ಘೋಸ್ಟ್’, ಎಂದರೆ ಜಲ್ಲಿಯ ಭೂತ, ಎಂಬುದರ ಎಲೆಗಳು ನೆಲಕ್ಕೆ ಅಂಟಿಕೊಂಡಿದ್ದು, ಎಳೆಯಂತಹ ದಂಟಿನ ತುದಿಯಲ್ಲಿ ಬಿಳಿಯ ಹೂಗಳು ಗಾಳಿಯಲ್ಲಿ ತೇಲುವಂತೆ ತೋರುತ್ತವೆ. ನೆರಳಿನಲ್ಲಿರುವ ಗುಡ್ಡವೊಂದನ್ನು ಹಿನ್ನೆಲೆಯಾಗಿ ಆರಿಸಿಕೊಳ್ಳದಿದ್ದರೆ ಇದು ಚಿತ್ರದಲ್ಲಿ ಕಾಣುವುದೇ ಇಲ್ಲ. ಮರಳದಿಣ್ಣೆಯ ‘ಈವನಿಂಗ್ ಪ್ರಿಮ್‌ರೋಸ್’ ಸಂಜೆ ಅರಳಿ, ರಾತ್ರಿ ಸಂಚರಿಸುವ ಪತಂಗಗಳನ್ನು ಕರೆದು, ಮರುದಿನದ ಬಿಸಿಲಿಗೆ ಬಾಡುತ್ತದೆ. ನಡುಹಗಲಿಗೆ ಬರುವವನ ಪಾಲಿಗೆ ಅದು ಅರಳಿಯೇ ಇಲ್ಲ.

ಇವಲ್ಲದೆ ಅತಿ ಕಿರಿಯ ಹೂಗಳೂ ಉಂಟು. ಹೊಟ್ಟೆಯ ಮೇಲೆ ಮಲಗಿ ನೋಡಿದರೆ ಮಾತ್ರ ಕಾಣುವುದರಿಂದ ಅಲ್ಲಿಯವರು ಇವನ್ನು ‘ಹೊಟ್ಟೆಹೂ’ ಎಂದೇ ಕರೆಯುತ್ತಾರೆ. ತಲೆ ಬಾಗದವನಿಗೆ ಈ ಚೆಲುವು ದಕ್ಕದು.

ಪಾದದ ಕೆಳಗಿನ ವಸಂತ

ಆದರೆ ಎಲ್ಲಿ ಮಲಗಬೇಕು, ಎಲ್ಲಿ ಕಾಲಿಡಬೇಕು ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾದುದು. ಏಕವಾರ್ಷಿಕ ಸಸ್ಯಕ್ಕೆ ಹೂವು ಅಲಂಕಾರವಲ್ಲ, ಸಂತಾನದ ಏಕೈಕ ಅವಕಾಶ. ಬೀಜವಾಗುವ ಮೊದಲೇ ತುಳಿದ ಗಿಡವು ಮಣ್ಣಿನ ಕಣಜಕ್ಕೆ ಏನನ್ನೂ ಸೇರಿಸದೆ ಅಳಿಯುತ್ತದೆ. ಅದರ ನಷ್ಟ ಈ ವರ್ಷ ಕಾಣದು. ಮುಂದೊಂದು ಮಳೆಯ ವರ್ಷ ಅಲ್ಲಿ ಬರಿ ನೆಲ ಕಂಡಾಗ ತಿಳಿಯುತ್ತದೆ. ಇದಲ್ಲದೆ ಮರುಭೂಮಿಯ ಅನೇಕ ಕಡೆ ಸೂಕ್ಷ್ಮಜೀವಿಗಳೂ ಕಲ್ಲುಹೂಗಳೂ ಹೆಣೆದ ತೆಳುವಾದ ಹೊರಪದರವು ಮಣ್ಣನ್ನು ಹಿಡಿದಿಟ್ಟಿರುತ್ತದೆ. ಒಂದು ಹೆಜ್ಜೆಗೆ ಅದು ಪುಡಿಯಾಗುತ್ತದೆ. ಮತ್ತೆ ಕೂಡಿಕೊಳ್ಳಲು ಹಲವು ವರ್ಷಗಳು, ಕೆಲವೆಡೆ ದಶಕಗಳೇ ಬೇಕು.

ಇದು ಕೇವಲ ಊಹೆಯ ಭಯವಲ್ಲ. ಅದೇ ರಾಜ್ಯದ ಲೇಕ್ ಎಲ್ಸಿನೋರ್ ಪಟ್ಟಣದ ಬಳಿಯ ವಾಕರ್ ಕಣಿವೆಯು ಮರುಭೂಮಿಯಲ್ಲವಾದರೂ ಅಲ್ಲಿ ನಡೆದುದು ನಮಗೆ ಪಾಠವಾಗಬೇಕು. 2019ರ ಮಾರ್ಚಿನಲ್ಲಿ ಆ ಗುಡ್ಡಗಳು ಕಿತ್ತಳೆ ಬಣ್ಣದ ಪಾಪಿ ಹೂಗಳಿಂದ ತುಂಬಿದಾಗ, ಹರಡಿದ ಚಿತ್ರಗಳನ್ನು ಕಂಡು ಹತ್ತಾರು ಸಾವಿರ ಜನ ನೆರೆದರು. ಹೂವಿನ ನಡುವೆ ಕುಳಿತು, ಮಲಗಿ ಚಿತ್ರ ತೆಗೆಸಿಕೊಂಡವರ ಹೆಜ್ಜೆಗಳು ಹೊಸ ಕಾಲುದಾರಿಗಳಾದವು. ಪಟ್ಟಣದ ಆಡಳಿತವು ಕೆಲಕಾಲ ಪ್ರವೇಶವನ್ನು ನಿಲ್ಲಿಸಬೇಕಾಯಿತು; 2023ರಲ್ಲಿ ಹೂ ಅರಳುವ ಮೊದಲೇ ಕಣಿವೆಯನ್ನು ಮುಚ್ಚಿತು. ಬಂದವರಲ್ಲಿ ದುಷ್ಟರು ವಿರಳ. ಪ್ರತಿಯೊಬ್ಬನೂ ತನ್ನದು ಒಂದೇ ಹೆಜ್ಜೆಯೆಂದು ಭಾವಿಸಿದುದೇ ಅನರ್ಥಕ್ಕೆ ಕಾರಣವಾಯಿತು.

ಆದುದರಿಂದ ಕೆಲವು ವ್ರತಗಳು ಅಗತ್ಯ. ಇರುವ ದಾರಿಯನ್ನು ಬಿಡಬಾರದು. ದಾರಿಯಂಚಿನ ಹೂವೇ ಸಾಕು. ದೂರದ್ದನ್ನು ದೂರಮಸೂರದಿಂದ ತರಿಸಿಕೊಳ್ಳಬೇಕು. ಮುಂದೆ ಅಡ್ಡವಾದ ಗಿಡವನ್ನು ಕೀಳಬಾರದು; ಮೃತ್ಯುಕಣಿವೆಯ ರಾಷ್ಟ್ರೀಯ ಉದ್ಯಾನದಲ್ಲಿ ಹೂ ಕೀಳುವುದು ಕಾನೂನಿಗೂ ವಿರುದ್ಧ. ಅಪರೂಪದ ಹೂವಿನ ಚಿತ್ರವನ್ನು ಪ್ರಕಟಿಸುವಾಗ ಅದರ ನಿಖರ ಸ್ಥಳವನ್ನು ಸಾರದಿರುವುದು ವಿವೇಕ.

ಪೂಜೆಗೆ ಹೂವನ್ನು ಎತ್ತುವವರು ಗಿಡಕ್ಕೆ ನೋವಾಗದಂತೆ ಎತ್ತಬೇಕೆಂದು ನಮ್ಮ ಮನೆಗಳ ಹಿರಿಯರು ಮಕ್ಕಳಿಗೆ ಕಲಿಸುತ್ತ ಬಂದಿದ್ದಾರೆ. ಛಾಯಾಗ್ರಾಹಕನಿಗೆ ಅದಕ್ಕಿಂತಲೂ ದೊಡ್ಡ ಭಾಗ್ಯವಿದೆ: ಹೂವನ್ನು ಗಿಡದಲ್ಲಿಯೇ ಬಿಟ್ಟು ಅದರ ಚೆಲುವನ್ನು ಮನೆಗೆ ತರಬಲ್ಲ. ವಿದ್ಯಾರ್ಥಿಗಳು ಇದಕ್ಕಾಗಿ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಮುಂಗಾರಿನ ಮೊದಲ ಮಳೆಯ ಬಳಿಕ ನಮ್ಮ ಹೊಲದ ಬದುವಿನಲ್ಲಿ ಅರಳುವ ಹೆಸರಿಲ್ಲದ ಹೂವಿನ ಮುಂದೆ ಮೊಣಕಾಲೂರಿ ಅಭ್ಯಾಸ ಮಾಡಬಹುದು. ಚಿತ್ರ ತೆಗೆದು ಎದ್ದ ಮೇಲೆ ಆ ಹೂವು ಮುಂಚಿನಂತೆಯೇ ನಿಂತಿದ್ದರೆ, ಆ ಅಭ್ಯಾಸ ಸಾರ್ಥಕವಾಯಿತೆಂದು ತಿಳಿಯಬಹುದು.