ನೋವಿನ ಗುಳಿಗೆಯೂ ಮೂತ್ರಪಿಂಡವೂ

ಹೋಟೆಲಿನ ಒಲೆಯ ಮುಂದೆ ಹತ್ತು ತಾಸು ನಿಂತವನಿಗೆ ಸೊಂಟನೋವು. ವಿರಾರಿನಿಂದ ಚರ್ಚ್‌ಗೇಟಿನವರೆಗೆ ನಿಂತೇ ಬಂದು ದಿನವಿಡೀ ಲೆಕ್ಕ ನೋಡುವ ಗುಮಾಸ್ತನಿಗೆ ತಲೆನೋವು. ರಜೆ ಹಾಕಿದರೆ ಪಗಾರಕ್ಕೆ ಕತ್ತರಿ. ಆದುದರಿಂದ ಇಬ್ಬರೂ ಔಷಧದಂಗಡಿಯಲ್ಲಿ ಎರಡು ಗುಳಿಗೆ ಕೊಂಡು ನುಂಗಿ ಕೆಲಸಕ್ಕೆ ನಡೆಯುತ್ತಾರೆ. ಇದೇ ನಿತ್ಯದ ರೂಢಿಯಾದರೆ ಅದರ ಬೆಲೆಯನ್ನು ಮೂತ್ರಪಿಂಡಗಳು ತೆರಬೇಕಾಗುತ್ತದೆ.

ಔಷಧದಿಂದ ಮೂತ್ರಪಿಂಡ ಕೆಡುವುದನ್ನು ಮುಂಬಯಿ ಕಣ್ಣಾರೆ ಕಂಡಿದೆ. 1986ರ ಆರಂಭದಲ್ಲಿ ಬೈಕಲಾದ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಾಲ್ ಕೊಡಲ್ಪಟ್ಟ 14 ರೋಗಿಗಳು ಮೂತ್ರಪಿಂಡಗಳು ನಿಷ್ಕ್ರಿಯವಾಗಿ ಮಡಿದರು. ಅದರಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ನ್ಯಾಯಮೂರ್ತಿ ಲೆಂಟಿನ್ ಆಯೋಗವು ಇದರ ವಿಚಾರಣೆ ನಡೆಸಿತು. ಕಲಬೆರಕೆಯನ್ನು ತಡೆಯುವುದು ಸರಕಾರದ ಹೊಣೆ. ಆದರೆ ಶುದ್ಧ ಔಷಧವೂ ತಪ್ಪಾಗಿ ಬಳಸಿದರೆ ಹಾನಿ ಮಾಡೀತು. ಅದನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ.

ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸುತ್ತವೆ. ಮೈಯಲ್ಲಿ ನೀರು ಕಡಿಮೆಯಾದಾಗ ಅವುಗಳ ರಕ್ತನಾಳ ಬಿಗಿದುಕೊಳ್ಳದಂತೆ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯ ಕಾಯುತ್ತದೆ. ನೋವು, ಬಾವುಗಳನ್ನು ಹೆಚ್ಚಿಸುವುದೂ ಇದೇ ದ್ರವ್ಯ. ಐಬುಪ್ರೊಫೆನ್, ಡೈಕ್ಲೊಫೆನಾಕ್, ನಿಮೆಸುಲೈಡ್ ಮುಂತಾದ ಗುಳಿಗೆಗಳು ಅದನ್ನು ತಡೆದು ನೋವಿಳಿಸುತ್ತವೆ. ಜೊತೆಗೆ ಮೂತ್ರಪಿಂಡದ ರಕ್ಷಣೆಯೂ ತಪ್ಪುತ್ತದೆ. ಬೆವರಿ ಬಳಲಿದವರಿಗೆ, ವಾಂತಿಭೇದಿಯಾದವರಿಗೆ, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯುಳ್ಳವರಿಗೆ ಅಪಾಯ ಹೆಚ್ಚು. ಹಾನಿಯು ಬಹಳ ಮುಂದುವರಿಯುವ ತನಕ ರೋಗಿಗೆ ಏನೂ ತಿಳಿಯದೆ ಇರಬಹುದು.

ಆದುದರಿಂದ ಈ ನಾಲ್ಕು ಮಾತುಗಳನ್ನು ನೆನಪಿಡಬೇಕು:

1. ಎರಡು ಮೂರು ದಿನಗಳಲ್ಲಿ ನೋವು ಹೋಗದಿದ್ದರೆ ಗುಳಿಗೆ ಮುಂದುವರಿಸದೆ ವೈದ್ಯರನ್ನು ಕಾಣಿರಿ. ಒಂದೇ ಔಷಧವು ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ. ಎರಡನ್ನೂ ಕೂಡಿ ನುಂಗಬೇಡಿರಿ.

2. ಮಳೆಗಾಲದಲ್ಲಿ ಕೊಚ್ಚೆನೀರು ತುಳಿದ ಮೇಲೆ ಜ್ವರ ಬಂದರೆ ಇಲಿಜ್ವರವಿರಬಹುದು. ಅದು ತಾನೇ ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ರೋಗ. ನೋವಿನ ಗುಳಿಗೆ ನುಂಗಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿರಿ. ಜ್ವರಕ್ಕೆ ಪ್ಯಾರಸಿಟಮಾಲ್ ವಾಸಿ. ಅದೂ ಅಳತೆ ಮೀರಬಾರದು.

3. ನೀವು ಸೇವಿಸುವ ಎಲ್ಲ ಔಷಧಗಳನ್ನೂ ವೈದ್ಯರಿಗೆ ಹೇಳಿರಿ. ಊರಿನಿಂದ ತಂದ ಭಸ್ಮವನ್ನೂ ಮುಚ್ಚಿಡಬೇಡಿರಿ. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸಗಳಿರುತ್ತವೆ. ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿರಿ.

4. ರಕ್ತದೊತ್ತಡ, ಸಕ್ಕರೆ ಕಾಯಿಲೆಯುಳ್ಳವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಿರಿ. ಕೆ.ಇ.ಎಂ., ಸಾಯನ್, ನಾಯರ್ ಮುಂತಾದ ಮುನಿಸಿಪಲ್ ಆಸ್ಪತ್ರೆಗಳಲ್ಲಿ ಇದಕ್ಕೆ ಅನುಕೂಲವಿದೆ.

ಮೂತ್ರಪಿಂಡಗಳು ಪೂರ್ತಿ ಕೆಟ್ಟರೆ ವಾರಕ್ಕೆ ಎರಡು ಮೂರು ಸಲ, ಪ್ರತಿಸಲವೂ ಸುಮಾರು ನಾಲ್ಕು ತಾಸು, ಡಯಾಲಿಸಿಸ್ ಯಂತ್ರದ ಬಳಿ ಮಲಗಬೇಕಾಗುತ್ತದೆ. ಒಂದು ದಿನದ ಪಗಾರ ಉಳಿಸಲೆಂದು ನುಂಗುತ್ತ ಬಂದ ಗುಳಿಗೆ ಕೊನೆಗೆ ಕೆಲಸವನ್ನೇ ಕಳೆದೀತು. ಊರಿನಲ್ಲಿ ನಮ್ಮ ದುಡಿಮೆಯನ್ನೇ ನಂಬಿ ಕುಳಿತವರಿದ್ದಾರೆ. ಗುಳಿಗೆಯನ್ನು ಬಾಯಿಗೆ ಹಾಕುವ ಮೊದಲು ಅವರನ್ನೊಮ್ಮೆ ನೆನೆಯೋಣ.